ಎದುರುಗುಡ್ಡ

ಬಳ್ಳಾರಿಯಲ್ಲಿ ನೆರಳೂ ಬಾಡಿಗೆ ಕೇಳುವ ಏಪ್ರಿಲ್.
ಕೋಟೆಯ ಪೂರ್ವದ ಬಾಗಿಲಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದೇನೆ,
ಮೂವತ್ತೊಂದು ವರ್ಷ ಸರ್ವೆ ಸರಪಳಿ ಎಳೆದವನು.
ಈಗಲೂ ಹೆಜ್ಜೆ ಇಟ್ಟರೆ
ಒಳಗೊಬ್ಬ ಎಣಿಸುತ್ತಲೇ ಇರುತ್ತಾನೆ.

ಶಾಲೆಯ ಮಕ್ಕಳು ಬಂದಿದ್ದಾರೆ. ಮೇಷ್ಟ್ರು ಕೂಗಿ ಹೇಳುತ್ತಿದ್ದಾರೆ
ಊರಿಗೆಲ್ಲ ಬಾಯಿಪಾಠವಾದ ಕಥೆ:
ನವಾಬನಿಗೆ ಕೋಟೆ ಕಟ್ಟಿಕೊಡಲು
ಕಡಲಾಚೆಯಿಂದ ಬಂದನಂತೆ ಒಬ್ಬ ಫ್ರೆಂಚರವ.
ಬರಿ ಬಂಡೆಯ ನೆತ್ತಿಗೆ ಬುರುಜು ತೊಡಿಸಿದನಂತೆ.
ಎಲ್ಲ ಮುಗಿದು ಗಾರೆ ಒಣಗಿದ ಮೇಲೆ
ಯಾರೋ ಎದುರಿಗೆ ಬೆರಳು ತೋರಿಸಿದರಂತೆ.
ಕುಂಬಾರಗುಡ್ಡ
ಕೋಟೆಗಿಂತ ಎತ್ತರ!
ಅಲ್ಲಿ ತೋಪು ಇಟ್ಟವನಿಗೆ
ಇಲ್ಲಿಯದೆಲ್ಲ ಅಂಗೈ ನೆಲ್ಲಿಕಾಯಿ.
ಬಾಗಿಲಲ್ಲೇ ನೇಣಂತೆ.

"ಸರ್, ಅವಂಗೆ ಕಣ್ಣು ಕಾಣ್ತಿರಲಿಲ್ಲೇನ್ರಿ?"
ಎರಡು ಜಡೆಯ ಹುಡುಗಿ ಕೇಳುತ್ತಾಳೆ.
ಮೇಷ್ಟ್ರು ನಕ್ಕು, ಸಾಲು ಸರಿ ಮಾಡುತ್ತಾರೆ.

ಕಂಡಿರುತ್ತದೆ, ಮಗಳೇ.
ಇಷ್ಟು ದೊಡ್ಡ ಗುಡ್ಡ ಕಾಣದೆ ಎಲ್ಲಿಗೆ ಹೋದೀತು?
ಆದರೆ ಈ ಝಳದಲ್ಲಿ ಕಲ್ಲೂ ನೀರಿನ ಹಾಗೆ ನಡುಗುತ್ತದೆ,
ಕೆಲಸ ಹಿಡಿದವನಿಗೆ ತಾನು ನಿಂತ ಜಾಗವೇ ಎತ್ತರ.

ಅವನ ಊರು ಸಪಾಟು ನೆಲವೆಂದು ಇಟ್ಟುಕೊಳ್ಳುತ್ತೇನೆ.
ಒಂದು ನಿಧಾನದ ಹೊಳೆ, ಅದಕ್ಕೆ ಕಲ್ಲಿನ ಸೇತುವೆ,
ಹಳೆಯ ಊರಗೋಡೆಯ ಬಿರುಕಲ್ಲಿ ಗೂಡು ಕಟ್ಟಿದ ಹಕ್ಕಿ,
ಸೇತುವೆಯ ಮೇಲೆ ಕಾಲು ಇಳಿಬಿಟ್ಟ ಹುಡುಗ.
ಸುತ್ತ ಎಲ್ಲಕ್ಕಿಂತ ಎತ್ತರದ್ದು ಇಗರ್ಜಿಯ ಗೋಪುರ.
ಅಲ್ಲಿ ಹುಟ್ಟಿದವನು
ಎತ್ತರವೆಂದರೆ ಮನುಷ್ಯರು ಕಟ್ಟಿದ್ದು
ಎಂದೇ ನಂಬಿದ್ದನೇನೋ.
ಯಾರೂ ಕಟ್ಟದೆ ಎದ್ದು ನಿಂತದ್ದನ್ನು
ಲೆಕ್ಕಕ್ಕೇ ಹಿಡಿಯಲಿಲ್ಲ.

ಬಾಗಿಲ ಪಕ್ಕದ ಗೋರಿ ಅವನದೇ ಎನ್ನುತ್ತಾರೆ ಮೇಷ್ಟ್ರು.
ಗುಡಿಸುತ್ತಿದ್ದ ಹೊನ್ನೂರಬಿ ಪೊರಕೆ ನಿಲ್ಲಿಸುತ್ತಾಳೆ.
"ಯಾವ ಫಿರಂಗಿನೂ ಅಲ್ಲ ಸಾಬ್. ಇವರು ನಮ್ಮ ಅಜ್ಜಾರು.
ರಾತ್ರಿ ಹೆದರಿ ಅಳೋ ಕೂಸಿನ ದಾರ ಇಲ್ಲಿ ಕಟ್ರಿ, ಸುಮ್ಮನಾಗ್ತತಿ."
ಜೀನ್ಸ್ ಹೊಲಿಯುವ ಸೊಸೆಯ ಮಿಷನ್ನಿನಿಂದ ಹೆಕ್ಕಿ ತಂದ
ನೀಲಿ ದಾರಗಳು ಗೋರಿಯ ತಲೆಗೆ.
ಗುರುವಾರ ಒಂದು ಹಣತೆ, ಎರಡು ಮೊಳ ಮಲ್ಲಿಗೆ.
ಯಾರ ಮಗನೋ,
ಯಾರ ಅಜ್ಜನೋ ಆಗಿ
ತಣ್ಣಗೆ ಮಲಗಿದ್ದಾನೆ.

ನಾನೂ ಒಂದು ಗೆರೆ ಎಳೆದಿದ್ದೆ
ತೊಂಬತ್ತೆರಡರಲ್ಲಿ, ಸಿರುಗುಪ್ಪದ ಆಚೆ.
ಅಣ್ಣತಮ್ಮರ ಪಾಲು, ನಡುವೆ ಅಣ್ಣ ಗಾದಿಲಿಂಗನ ಬಾವಿ.
ಬಾಂದುಗಲ್ಲು ಜಾಲಿಪೊದೆಯ ಒಳಗಿತ್ತು.
ಕಂಡಿತ್ತು.
ಮುಳ್ಳಿತ್ತು, ಮಧ್ಯಾಹ್ನವಿತ್ತು,
ಊಟಕ್ಕೆ ಕರೆದ ಮನೆಯಲ್ಲಿ ಎಲೆ ಹಾಕಿತ್ತು.
ಅಂದಾಜಿಗೆ ಬರೆದೆ.
ಮೂರು ಅಡಿ.
ಮೂರು ಅಡಿಯಲ್ಲಿ ಬಾವಿ ತಮ್ಮನದಾಯಿತು.
ಗಾದಿಲಿಂಗ ಗೆರೆಯ ಈಚೆ ನಿಂತು, ಬಿಂದಿಗೆ ಹಿಡಿದು,
"ಸೇದಿಕೊಳ್ಳಲೇನಪ್ಪಾ?" ಎಂದು
ಕೈ ಹಿಡಿದು ನಡೆಸಿದ ತಮ್ಮನನ್ನೇ ಕೇಳುತ್ತಿದ್ದನಂತೆ
ಸಾಯುವ ತನಕ.

ನನ್ನನ್ನು ಯಾರೂ ನೇಣಿಗೆ ಹಾಕಲಿಲ್ಲ.
ಮುಂದಿನ ವರ್ಷ ಬಡ್ತಿ ಬಂತು.
ನಕ್ಷೆ ಇನ್ನೂ ತಾಲ್ಲೂಕು ಕಚೇರಿಯಲ್ಲಿದೆ,
ನನ್ನ ಅಂದದ ಅಕ್ಷರ, ನನ್ನ ಸಹಿ.
ಹೊನ್ನೂರಬಿಯ ಕೈಗೆ ಎಣ್ಣೆಗೆಂದು ಐವತ್ತು ರೂಪಾಯಿ ಕೊಟ್ಟರೆ
"ಮನೇಲಿ ಯಾರಿಗೆ ಹುಷಾರಿಲ್ಲ ಸಾಬ್?" ಅಂದಳು.
ಏನು ಹೇಳಲಿ.

ಬಸ್ಸಿನ ಹತ್ತಿರ ಎರಡು ಜಡೆಯ ಹುಡುಗಿ
ಸಾಲು ಬಿಟ್ಟು ನಿಂತಿದ್ದಾಳೆ.
ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ
ಕುಂಬಾರಗುಡ್ಡವನ್ನು ಅಳೆಯುತ್ತಿದ್ದಾಳೆ.
ಅವಳ ಉಗುರಿನ ಹಿಂದೆ
ಇಡೀ ಗುಡ್ಡ ಮಾಯ.
ಇನ್ನೊಂದು ಕಣ್ಣೂ ತೆರೆ, ಮಗಳೇ,
ಅಲ್ಲಿಗೆ ನಡೆದು ಹೋಗಿ ನೋಡು
ಎನ್ನಲು ಎದ್ದೆ.
ಹಾರ್ನ್ ಆಯಿತು. ಅವಳು ಓಡಿದಳು.

ಬಾಗಿಲಿಂದ ಬಸ್ಸಿನವರೆಗೆ
ನಲವತ್ತೆರಡು ಹೆಜ್ಜೆ.