ಚಲಾವಣೆ ನಿಂತ ನಾಣ್ಯ

ಹೆಲ್ದುರ್ ಮಾತು ಕಡಿಮೆ. ಚೌಕಟ್ಟಿನ ತೋಡಿನೊಳಗೆ
ಹಳೆಯ ನಾಣ್ಯವೊಂದನ್ನು ನಿಲ್ಲಿಸಿ
'ಇಷ್ಟು ಬಿಡು' ಅಂದ. 'ಅಂಟು ಬೇಡ.'

ಬಿಡಲಿಲ್ಲ ನಾನು. ಹತ್ತೊಂಬತ್ತರ ವಯಸ್ಸು;
ಸಂದು ಕಂಡರೆ ಕೆಲಸ ಬಾರದವಳು ಅಂದಾರೆಂದು
ಅಂಚಿಗೆಲ್ಲ ಅಂಟು ಬಳಿದು ಬಿಗಿದೆ.

ಫೆಬ್ರವರಿ. ಸಾರೆಮಾ ದ್ವೀಪದ ಸುತ್ತ
ಕಡಲೇ ಹೆಪ್ಪುಗಟ್ಟಿತ್ತು. ಒಲೆ ಹಗಲಿರುಳು ಉರಿದು
ಒಂದು ನಡುರಾತ್ರಿ ಕೋವಿ ಹಾರಿದ ಸದ್ದು:
ಪೈನ್ ಹಲಗೆ
ಮೇಲಿಂದ ಕೆಳಕ್ಕೆ ಸೀಳಿತ್ತು.

ಬೈಯಲಿಲ್ಲ. ತನ್ನ ಬೀರುವಿನ ಬಾಗಿಲು ತೋರಿಸಿದ.
ಹಲಗೆ ಕುಗ್ಗಿ ಅಂಚು ಇಣುಕಿದೆ,
ಇಣುಕಿದ್ದೂ ಹಸಿರೇ.
ಕೂರಿಸುವ ಮೊದಲೇ ಬಳಿದಿದ್ದ,
ಯಾರೂ ನೋಡದ ಕಡೆಗೂ.

'ಕಡಿದು ಎಂಬತ್ತು ವರ್ಷ. ಜುಲೈ ಬರಲಿ,
ಉಬ್ಬುತ್ತೆ ನೋಡು.'

ನಾಣ್ಯ ಈಗ ನನ್ನ ಜೇಬಿನಲ್ಲಿದೆ.
ಏನೂ ಕೊಳ್ಳಲಾಗದು ಅದರಿಂದ.