ಬಣ್ಣದ ಕಾಲಂ

ನಮ್ಮ ಲ್ಯಾಬಿಗೆ ಬರುವ ಕಲ್ಲಿಗೆಲ್ಲ ಒಂದೇ ಪ್ರಶ್ನೆ:
ಕಬ್ಬಿಣ ಶೇಕಡಾ ಎಷ್ಟು?
ಅರವತ್ತೆರಡೋ, ಐವತ್ತೆಂಟೋ.
ಕಲ್ಲಿನ ಹೆಸರು ಕೇಳಿದವರಿಲ್ಲ.

ಜಡೆಪ್ಪ ತಂದದ್ದು ಕಲ್ಲೂ ಅಲ್ಲ.
ಗಣಿ ಕೆಳಗಿನ ಹಳೇ ಕೆರೆಯ ಹೂಳು ತೋಡುವಾಗ
ಇಪ್ಪತ್ತಡಿ ಆಳದ ಕಪ್ಪು ಜೇಡಿಯಲ್ಲಿ ಸಿಕ್ಕ
ಎತ್ತಿನ ತೊಡೆಮೂಳೆ,
ಗೋಣಿಯಲ್ಲಿ ಸುತ್ತಿ, ಬುತ್ತಿ ಡಬ್ಬಿಯ ಪಕ್ಕ.
"ಅಕ್ಕಾರ, ಬಿರುಕಿನಾಗ ಏನೋ ಮಿಂಚ್ತೈತ್ರಿ.
ವಜ್ರ ಇದ್ರ ಅರ್ಧ ನಿಮ್ಗ."

ಸುತ್ತಿಗೆಯ ಒಂದೇ ಪೆಟ್ಟಿಗೆ ಬಾಯಿ ಬಿಟ್ಟಿತು.
ಮಜ್ಜೆ ಇದ್ದ ಕೊಳವೆಯ ತುಂಬ
ಗಾಜಿನ ಗರಿಗಳು,
ಬಣ್ಣವೇ ಇಲ್ಲ,
ನೀರು ಎದ್ದು ನಿಂತ ಹಾಗೆ.
ಗೋಡೆ ಗಡಿಯಾರದಲ್ಲಿ ಹತ್ತೂ ಹತ್ತು.

ಉಗುರು ತಾಗಿಸಿದೆ, ಗೀಚು ಬಿತ್ತು.
ವಜ್ರ ಅಲ್ಲವೋ ಜಡೆಪ್ಪ, ಕಲ್ಲುಪ್ಪಿಗಿಂತ ಮೆತ್ತಗಿದೆ.
ಬ್ಲೇಡಿನ ಅಂಚಿಗೆ ಪದರ ಪದರವಾಗಿ ಬಿಟ್ಟುಕೊಟ್ಟಿತು,
ತೆಳು ಪದರ ಬಗ್ಗಿಸಿದರೆ ಬಗ್ಗಿತು, ಮುರಿಯಲಿಲ್ಲ.
ಗಾಜಿನ ನಳಿಗೆಯಲ್ಲಿ ಹಾಕಿ ಕಾಯಿಸಿದೆ,
ಮೇಲಿನ ತಣ್ಣನೆ ಗೋಡೆಗೆ ಹನಿ ಕಟ್ಟಿತು.
ತೂಗಿ ನೋಡಿದರೆ
ನೂರರಲ್ಲಿ ಇಪ್ಪತ್ತೆಂಟು ಪಾಲು ಬರೀ ನೀರು.
ಕೆರೆ ಬತ್ತಿ ಎಷ್ಟು ಕಾಲವಾಯಿತೋ,
ಮೂಳೆ ಇನ್ನೂ ಕೊಡ ಹೊತ್ತೇ ಇತ್ತು.

ಆಮ್ಲದಲ್ಲಿ ಸದ್ದಿಲ್ಲದೆ ಕರಗಿತು. ನೊರೆಯಿಲ್ಲ; ಸುಣ್ಣವಲ್ಲ.
ಮಾಲಿಬ್ಡೇಟ್ ಹನಿಸಿ ಬೆಚ್ಚಗೆ ಇಟ್ಟೆ,
ಅರಿಶಿನದಂಥ ಮಡ್ಡಿ ತಳ ಸೇರಿತು:
ರಂಜಕ. ಅದು ಎತ್ತಿನ ಪಾಲು.
ಕಬ್ಬಿಣ ನಮ್ಮ ಗುಡ್ಡದ್ದು.
ನೀರು ಯಾವ ವರ್ಷದ ಮಳೆಯೋ.
ಗಾಳಿ ಸುಳಿಯದ ಕತ್ತಲಲ್ಲಿ
ಮೂರೂ ಯಾರಿಗೂ ಹೇಳದೆ ಕೂಡಿಕೊಂಡಿದ್ದವು.

ಬುತ್ತಿ ಮುಗಿಸಿ ಬಂದರೆ
ಕಿಟಕಿ ಕಡೆಯ ಗರಿಗಳಿಗೆ ತಿಳಿನೀಲಿ.
ಕೈ ತೊಳೆದು ಬಂದಿದ್ದೆ, ನಾನು ಮುಟ್ಟಿರಲಿಲ್ಲ.
ಬಿಸಿಲು ಮುಟ್ಟಿತ್ತು.

ಸಂಡೂರಲ್ಲಿ ಹುಟ್ಟಿದವಳಿಗೆ ಕಬ್ಬಿಣವೆಂದರೆ ಕೆಂಪು.
ಬೇವಿನೆಲೆ ಕೆಂಪು, ನಾಯಿಯ ಬೆನ್ನು ಕೆಂಪು,
ಬಸ್ಸಿನ ಸೀಟು ಕೆಂಪು.
ಅಪ್ಪನ ಶುಕ್ರವಾರದ ಬಿಳಿ ಅಂಗಿಗೆ
ಅಮ್ಮ ಎಷ್ಟು ನೀಲಿ ಅದ್ದಿ ಹಿಂಡಿದರೂ
ಒಣಗುವ ಹೊತ್ತಿಗೆ ಹಗ್ಗದ ಮೇಲೆ ಗುಲಾಬಿ.
"ಹಾಕಿದ ನೀಲಿ ಎಲ್ಲಿ ಹೋಗತೈತೆ ಮಾಬುನ್ನಿ?"
ಅಂತ ಬಕೆಟ್ಟಿನ ತಳ ನೋಡುತ್ತಿದ್ದಳು.
ಅಮ್ಮಾ, ಇಲ್ಲಿ ಸ್ವಲ್ಪ ಸಿಕ್ಕಿದೆ.

ಪುಸ್ತಕ ತೆಗೆದು ಹೆಸರು ಹುಡುಕಿದೆ:
ವಿವಿಯನೈಟ್.
ಕಡಲಾಚೆಯ ಯಾವನೋ ಗಣಿ ಧಣಿಯ ಹೆಸರಂತೆ.
ಜಡೆಪ್ಪ ನಕ್ಕ,
"ಅಲ್ಲೂ ಧಣಿಗೇನ್ರಿ? ಎತ್ತಿಗೆ ಇಲ್ಲ?"

ತಿಪ್ಪೇರುದ್ರ ಸಾರ್ ನಮೂನೆ ಮುಂದಿಟ್ಟರು.
ಬಣ್ಣ ಎಂಬ ಕಾಲಂ ಹೆಬ್ಬೆರಳಿನಷ್ಟು ಅಗಲ.
"ಒಂದು ಪದ ಬರೀರಿ, ಕಂಪ್ಯೂಟರ್ ಎರಡು ತಗೊಳ್ಳಲ್ಲ."
ನಾನು ಬರೆದೆ:
ಹತ್ತೂ ಹತ್ತಕ್ಕೆ ಇಲ್ಲ. ನಾಲ್ಕೂವರೆಗೆ ನೀಲಿ.
ಅಕ್ಷರ ಗೆರೆ ದಾಟಿ ಪಕ್ಕದ ಮನೆಗೆ ಹೋಯಿತು.
ಕಬ್ಬಿಣ ಶೇಕಡಾ ಮೂವತ್ಮೂರು.
ಸಾರ್ ಮೊಹರು ಒತ್ತಿದರು,
ತಿರಸ್ಕೃತ,
ಕೆಂಪು ಮಸಿಯಲ್ಲಿ.

ಮಾತಿನಂತೆ ಅರ್ಧ ಅವನಿಗೆ, ಅರ್ಧ ನನಗೆ.
ಅವನು ತನ್ನದನ್ನು ಡಂಪರಿನ ಗಾಜಿನ ಮುಂದೆ ಇಟ್ಟುಕೊಂಡ.
ಬಿಸಿಲಿಗೆ ದಿನಕ್ಕಿಷ್ಟು ಕಡುವಾಗಿ, ಈಗ ನೇರಳೆ ಹಣ್ಣಿನ ಕಪ್ಪು,
ಮುಟ್ಟಿದರೆ ಉದುರುತ್ತದಂತೆ.
ದಾರಿಯಲ್ಲಿ ಸಿಕ್ಕಾಗಲೆಲ್ಲ ಹಾರ್ನ್ ಹೊಡೆದು ಕೇಳುತ್ತಾನೆ,
"ನಿಮ್ದು ಹೆಂಗೈತ್ರಿ ಅಕ್ಕಾರ?"

ನನ್ನದು ಕಾರ್ಬನ್ ಕಾಗದದಲ್ಲಿ ಸುತ್ತಿ
ಕೆಳಗಿನ ಡ್ರಾಯರಿನಲ್ಲಿದೆ.
ಹೆಂಗೈತೋ.
ನೋಡಿಲ್ಲ.