ನಡುವಿನ ಕುರ್ಚಿ

ವಾಸ್ಕೊದ ಕಚೇರಿ, ಎರಡನೇ ಮಹಡಿ.
ಮೇಜಿನ ಆ ಕಡೆ ಇಲಾಖೆ,
ಈ ಕಡೆ ಶಾವಂತ್ರೆವ್ವ, ಅವಳ ಇಬ್ಬರು ಸೊಸೆಯರು.
ನಡುವೆ ನಾನು, ಮಧ್ಯಸ್ಥ.

ಬಂದರಿನಲ್ಲಿ ದುಡಿದು ಸತ್ತ ಗಂಡನ ಪಿಂಚಣಿ
ಹನ್ನೊಂದು ವರ್ಷ ಹೆಚ್ಚಿಗೆ ಹೋಗಿದೆಯಂತೆ.
ಕೂಡಿಸುವಾಗ ತಪ್ಪಿದವರು ಅವರು,
ಕಳೆದುಕೊಳ್ಳಬೇಕಾದವಳು ಇವಳು.
'ಅರ್ಧರ್ಧ ಮಾಡಿಕೊಳ್ಳಿ' ಎಂದೆ,
ರೊಟ್ಟಿ ಮುರಿದಷ್ಟು ಸಲೀಸಾಗಿ.

ಗಾವ್ಕರ್ ಸಾಹೇಬರಿಗೆ ಚಹಾ ತರಿಸಿದವನು
ಅವಳಿಗೆ 'ನೀರು ಅಲ್ಲಿದೆ' ಅಂದಿದ್ದೆ.
ಈಗ ನೆನಪಾಗುತ್ತಿದೆ.

ಹೆಬ್ಬೆಟ್ಟಿಗೆ ಮಸಿ ಹಚ್ಚಿದ ಮೇಲೆ ಕೇಳಿದಳು:
'ನಿಮ್ಮ ಪಿಂಚಣಿ ಎಲ್ಲಿಂದ ಬರತೈತ್ರಿ?'

ಕಿಟಕಿಯಾಚೆ ಕ್ರೇನೊಂದು
ಎತ್ತಿದ ಪೆಟ್ಟಿಗೆ ಹಿಡಿದೇ ನಿಂತಿತ್ತು.

'ಇಲ್ಲಿಂದಲೇ' ಎಂದೆ.
ಗಾವ್ಕರ್ ಗಡಿಯಾರ ನೋಡಿಕೊಂಡರು.
ಕಾಗದ ಮುಟ್ಟದ ಅವಳ ಹೆಬ್ಬೆಟ್ಟು
ಫ್ಯಾನಿನ ಗಾಳಿಗೆ ಆರುತ್ತಿತ್ತು.